ಸೋಮವಾರದ ಬೀಗ

ಮದುಮಗನ ಅಂಗಿಗೆ ಎರಡನೇ ತೋಳು ಹಚ್ಚಲು ಹೋದಾಗಲೇ ಗೊತ್ತಾಯಿತು, ನಾನು ಎರಡೂ ಎಡ ತೋಳುಗಳನ್ನೇ ಕತ್ತರಿಸಿದ್ದೆ. ಬಟ್ಟೆ ಉಳಿದಿರಲಿಲ್ಲ. ಲಗ್ನಸರಾಯಿ, ಮದುವೆಗಳ ಕಾಲವೆಂದು ತಿಂಗಳಿನಿಂದ ಒಂದು ದಿನವೂ ಬಿಡದೆ ಮಷಿನ್ ತುಳಿದಿದ್ದೆ.

ಜೇವರ್ಗಿಯ ನನ್ನ ಹೊಲಿಗೆ ಅಂಗಡಿಯ ಎದುರಿಗೇ ಇನ್ನೊಬ್ಬ ಟೇಲರ್ ಶರಣಪ್ಪನವರ ಅಂಗಡಿ. ಅಂದು ಸೋಮವಾರ, ಅವರ ರಜೆ. ಬೀಗ ಹಾಕಿದ ಬಾಗಿಲ ಮುಂದಿನ ಕಟ್ಟೆಯ ಮೇಲೆ ಕಾಲು ಚಾಚಿ ಚಹಾ ಕುಡಿಯುತ್ತಿದ್ದರು. ವಾರಕ್ಕೊಂದು ದಿನ ಮುಚ್ಚಿದರೂ ಅವರ ಒಬ್ಬ ಗಿರಾಕಿಯೂ ನನ್ನ ಕಡೆ ಬರುತ್ತಿರಲಿಲ್ಲ. ಅದನ್ನು ನೋಡಿ ನೋಡಿಯೇ ನನ್ನ ಹೊಟ್ಟೆ ಉರಿಯುತ್ತಿತ್ತು.

ನಾನು ತಲೆ ಹಿಡಿದು ಕುಳಿತದ್ದನ್ನು ಕಂಡು ಅವರೇ ಎದ್ದು ಬಂದರು. ತೋಳುಗಳನ್ನು ನೋಡಿ ನಗಲಿಲ್ಲ.

“ಸೋಮಾರ ಎತ್ತಿನ ಹೆಗಲಿಗೂ ನೊಗ ಇಡಂಗಿಲ್ರಿ ನಾವು. ನೀವು ಎತ್ತಿಗಿಂತ ಕಡಿಮಿ ಏನ್ರಿ? ಈ ಬಿಳಿ ಟೆರಿಕಾಟ್ ನನ್ನ ಬಲ್ಲಿ ಅದ, ನಾಳಿ ಮುಂಜಾನಿ ತೋಳು ಹಚ್ಚಿ ಕೊಡ್ತೇನಿ. ಹೊಲಿಯೋದು ಉಳಿದ ಬಟ್ಟಿಯೊಳಗೂ ಅರ್ಧ ನನಗ ಕೊಡ್ರಿ, ಹೊಲದು ಕೊಡ್ತೇನಿ. ನನಗ ಕಾಮಣಿ ಬ್ಯಾನಿ ಆದಾಗ ಕೊಳಕೂರ ಹಳ್ಳಿ ಟೇಲರ್‌ಗ ಹೇಳಿ ಕಳಿಸಿದ್ದೆ, ಅಂವ ಬಂದು ಹೊಲದು ಕೊಟ್ಟ. ಕೇಳಾಕ ನಿಮಗ ಬಾಯಿ ಇಲ್ಲೇನ್ರಿ?”

ಮುಂದಿನ ಸೋಮವಾರ ನಾನೂ ಬೀಗ ಹಾಕಿ ಅವರ ಕಟ್ಟೆಗೆ ಹೋಗಿ ಕುಳಿತೆ. ಚಹಾ ಮುಗಿಸಿದ ಶರಣಪ್ಪನವರು ಗೋಡೆಗೆ ಒರಗಿ ಗೊರಕೆ ಹೊಡೆಯತೊಡಗಿದರು. ನಾನು ಎದುರಿನ ನನ್ನ ಬೀಗವನ್ನೇ ನೋಡುತ್ತ ಕುಳಿತಿದ್ದೆ. ಅವರ ಗಿರಾಕಿಗಳನ್ನು ಕಂಡು ಹೊತ್ತಿದ್ದ ಹೊಟ್ಟೆಕಿಚ್ಚು ಆರಿತು. ಆ ನಿದ್ದೆಯನ್ನು ಕಂಡು ಹೊತ್ತಿದ್ದು ಇನ್ನೂ ಆರಿಲ್ಲ.