ಖಾಲಾ ಒಡೆದ ನನ್ನ ಗುಟ್ಟು

ಖಾಲಾನ ಬಲಗೈ ತೋರುಬೆರಳಿನಲ್ಲಿ ನೂಲು ಹರಿದಾಡಿ ಆಳವಾದ ಗೀರು ಬಿದ್ದಿತ್ತು. ಬೆಟಗೇರಿಯ ನಮ್ಮ ಓಣಿಯ ಮಗ್ಗಗಳಿಗೆಲ್ಲ ಕಂಡಿಕೆ ಸುತ್ತಿಕೊಡುತ್ತಿದ್ದವಳು ಆಕೆ. ಖಾಲಾ ಎಂದರೆ ಉರ್ದುವಿನಲ್ಲಿ ಚಿಕ್ಕಮ್ಮ; ಓಣಿಯವರೆಲ್ಲ ಆಕೆಯನ್ನು ಹಾಗೇ ಕರೆಯುತ್ತಿದ್ದರು. ಲಾಳಿಯೊಳಗಿನ ಆ ಪುಟ್ಟ ನೂಲಿನ ಸುರುಳಿ ಸುತ್ತುವಾಗ ಕೈ ರಾಟಿಯ ಮೇಲೆ, ಬಾಯಿ ಓಣಿಯ ಮೇಲೆ. ಬೆರಳಿಗೆ ಆ ವಾರದ ಸೀರೆಯ ಬಣ್ಣ ಹತ್ತಿರುತ್ತಿತ್ತು.

ನಾನು ಹೊಂಬಳದಿಂದ ಸೊಸೆಯಾಗಿ ಬಂದ ಹೊಸದರಲ್ಲೇ ಅತ್ತೆ ಎಚ್ಚರಿಸಿದ್ದರು. "ಆಕಿ ಮುಂದ ಏನೂ ಹೇಳಬ್ಯಾಡ. ಹೊತ್ತು ಮುಣುಗೂದ್ರೊಳಗ ಊರಿಗೆಲ್ಲ ಗೊತ್ತಾಕ್ಕೈತಿ."

ಖರೆ ಮಾತು. ಯಾರ ಮನೆಗೆ ಹೆಣ್ಣು ನೋಡಲು ಬಂದರು, ಯಾರ ಸೊಸೆ ಮುನಿಸಿಕೊಂಡು ತವರಿಗೆ ಹೋದಳು, ಎಲ್ಲ ಖಬರೂ ಖಾಲಾನಿಂದಲೇ. ಆದರೂ ಆ ಹೊಸ ಊರಲ್ಲಿ ದಿನವೂ ನನ್ನನ್ನು "ಉಂಡಿ ಏನವಾ?" ಎಂದು ಕೇಳುತ್ತಿದ್ದವಳು ಆಕೆಯೊಬ್ಬಳೇ. ಅದಕ್ಕೇ ಗುಟ್ಟನ್ನೂ ಆಕೆಗೇ ಹೇಳಿದೆ.

ನನ್ನ ಬಿ.ಎಡ್. ಮುಗಿಯುವವರೆಗೆ ಮಗು ಬೇಡವೆಂದು ನಾವು ಗಂಡಹೆಂಡತಿ ಮಾತಾಡಿಕೊಂಡಿದ್ದೆವು. ಮೊಮ್ಮಗುವಿಗೆ ಹರಕೆ ಹೊತ್ತಿದ್ದ ಅತ್ತೆಗೆ ಅದನ್ನು ಹೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಒಮ್ಮೆ ಮುನ್ನೆಚ್ಚರಿಕೆ ತಪ್ಪಿತು. ಮರುದಿನವೇ ಗಂಡ ಗದಗಿನ ಔಷಧಿ ಅಂಗಡಿಯಿಂದ ಬಸಿರು ತಡೆಯುವ ತುರ್ತು ಗುಳಿಗೆ ತಂದುಕೊಟ್ಟರು, ನುಂಗಿದೆ. ಕೆಲವು ದಿನದಲ್ಲಿ ರಕ್ತ ಕಂಡಿತು. ಮುಟ್ಟಾದವರು ನಮ್ಮ ಮನೆಯಲ್ಲಿ ಮಗ್ಗ ಮುಟ್ಟುವುದಿಲ್ಲ, ಹಿತ್ತಲ ಬದಿಗೆ ಕೂರುತ್ತಾರೆ. ನಾನೂ ಕುಳಿತೆ. ಓಣಿಯೆಲ್ಲ ಕಂಡಿತು. ಹೊರಗೆ ಕೂತವಳು ಬಸುರಿಯಲ್ಲ, ಅದು ಎಲ್ಲರ ಲೆಕ್ಕ. ನನ್ನದೂ ಅದೇ. ಖಾಲಾನಿಗೆ ಮಾತ್ರ ಗುಳಿಗೆಯ ವಿಷಯ ಹೇಳಿ ಆಣೆ ಹಾಕಿಸಿಕೊಂಡೆ. ಆಶ್ಚರ್ಯವೆಂದರೆ ಆ ಬಾಯಿಬಡಕಿ ಅದನ್ನು ಯಾರಿಗೂ ಹೇಳಲಿಲ್ಲ.

ಮುಂದೆ ಕೆಲವು ವಾರಕ್ಕೆ, ಗಂಡ ಸೀರೆ ಕೊಡಲು ಮುಂಡರಗಿಗೆ ಹೋಗಿದ್ದ ದಿನ, ಕಿಬ್ಬೊಟ್ಟೆಯ ಎಡಬದಿ ಹಿಂಡಿ ಕಣ್ಣು ಕತ್ತಲೆ ಬಂತು. ಅತ್ತೆ ವಾಯು ಎಂದು ಜೀರಿಗೆ ಕಷಾಯಕ್ಕಿಟ್ಟರು. ಖಾಲಾ ನನ್ನ ಮುಖ ನೋಡಿದವಳೇ ಆಟೋ ಕರೆದಳು.

ಆಸ್ಪತ್ರೆಯಲ್ಲಿ ಡಾಕ್ಟರು ಬಸುರಿಯೇ ಎಂದು ಕೇಳಿದರು. ನಾನು ನೋವಿಗೆ ಮುದುಡಿದ್ದೆ. ಅತ್ತೆಯೇ ಉತ್ತರಿಸಿದರು. "ಎಲ್ಲಿ ಬಸರ‍್ರಿ? ಹ್ವಾದ ತಿಂಗಳ ಹೊರಗ ಕುಂತಿದ್ಲಲ್ಲ."

"ಅದು ಮುಟ್ಟೋ ಅಲ್ಲೋ ಯಾರಿಗ್ಗೊತ್ತು, ಡಾಕ್ಟರ ಬಾಯಾರ," ಎಂದಳು ಖಾಲಾ. "ಅದಕ್ಕಿಂತ ಮೊದಲ ಬಸರು ನಿಲ್ಲಬಾರ್ದಂತ ಗುಳಿಗಿ ನುಂಗಿದ್ಲು. ನನ್ನ ಮುಂದ ಹೇಳ್ಯಾಳ."

ಅತ್ತೆಯ ಮುಖ ನಾನು ನೋಡಲಿಲ್ಲ. ಡಾಕ್ಟರು ಕೂಡಲೇ ಪರೀಕ್ಷೆ, ಸ್ಕ್ಯಾನ್ ಮಾಡಿಸಿದರು. ಬಸಿರು ಗರ್ಭಚೀಲದಲ್ಲಿರದೆ ಗರ್ಭನಳಿಕೆಯಲ್ಲಿ ನಿಂತು, ನಳಿಕೆ ಒಡೆದು ಒಳಗೇ ರಕ್ತ ಹರಿಯುತ್ತಿತ್ತು. ಅದನ್ನು ತೆಗೆದು ನನ್ನನ್ನು ಉಳಿಸಿದರು.

ಗುಳಿಗೆಯಿಂದಲೇ ಹೀಗಾಯಿತೇ ಎಂದು ಆಮೇಲೆ ಅಳುತ್ತಾ ಕೇಳಿದೆ. "ಗುಳಿಗಿನ ಕಾರಣ ಅಂತ ಹೇಳಾಕ ಬರೂದಿಲ್ಲ," ಎಂದರು ಡಾಕ್ಟರು. "ಆದ್ರ ಗುಳಿಗಿ ತೊಗೊಂಡ್ರೂ ಬಸರು ನಿಲ್ಲಬಹುದು, ನಿಂತದ್ದು ನಳಿಕ್ಯಾಗ ಇರಬಹುದು. ರಕ್ತ ಕಂಡ ಮಾತ್ರಕ್ಕ ಬಸರಿಲ್ಲ ಅನಕೋಬಾರ್ದು. ಹೊಟ್ಟಿನೋವು ಬಂದ್ರ ಜಲ್ದಿ ಬರಬೇಕು."

ಅತ್ತೆ ನನ್ನ ಮೇಲಿನ ಸಿಟ್ಟನ್ನು ಖಾಲಾನ ಮೇಲೆ ತೀರಿಸಿಕೊಂಡರು. ಎಲ್ಲ ಗೊತ್ತಿದ್ದೂ ಮುಚ್ಚಿಟ್ಟಳೆಂದು ನಮ್ಮ ಮನೆಯ ಕಂಡಿಕೆ ಕೆಲಸ ಬಿಡಿಸಿದರು, ಮಾತೂ ಬಿಟ್ಟರು. ನಾನು ಕಣ್ಣೀರು ಹಾಕಿದರೆ ಖಾಲಾ ನನ್ನನ್ನೇ ಗದರಿದಳು. "ಸಿಟ್ಟು ಮಾಡ್ಲಿ ಬಿಡವಾ. ಸಿಟ್ಟು ಮಾಡಾಕ ಸೊಸಿ ಉಳದಾಳಲ್ಲ!"

ಮುಂದೆ ಉಬ್ಬಸ ಹೆಚ್ಚಾಗಿ ಆಕೆ ಲಕ್ಷ್ಮೇಶ್ವರಕ್ಕೆ, ಮಗಳ ಮನೆಗೆ ಹೋದಳು. ಓಣಿ ಬಿಕೋ ಎನ್ನತೊಡಗಿತು. ನಾನು ಮತ್ತೆ ಬಸುರಾದಾಗ ಸ್ಕ್ಯಾನ್ ಮುಗಿಸಿ, ಮನೆಗೂ ಹೋಗದೆ ಲಕ್ಷ್ಮೇಶ್ವರದ ಬಸ್ ಹತ್ತಿದೆ. ಹಾಸಿಗೆ ಹಿಡಿದಿದ್ದಳು. ನನ್ನ ಹೊಟ್ಟೆಯ ಮೇಲೆ ಕೈಯಿಟ್ಟಳು.

"ಜಾಗಾದಾಗ ಐತಿ?"

"ಐತ್ರಿ ಖಾಲಾ."

"ಹಂಗಾರ ಈಗ ಎಲ್ಲಾರಿಗೂ ಹೇಳ್ಲಿ?" ಎಂದು ನಕ್ಕಳು. ನಗು ಕೆಮ್ಮಾಯಿತು.

ಮಗು ಹುಟ್ಟುವ ಮೊದಲೇ ಖಾಲಾ ತೀರಿಕೊಂಡಳು. ಬಾಣಂತಿ ಕೋಣೆಗೆ ಓಣಿಯವರೆಲ್ಲ ಬಂದು ಹೋದರು. ನಾನು ಮಾತ್ರ ಬಾಗಿಲ ಕಡೆಗೇ ನೋಡುತ್ತಿದ್ದೆ. ಹೆತ್ತ ತಾಯಿಗಾಗಿಯೂ ನಾನು ಇಷ್ಟು ಹಂಬಲಿಸಿರಲಿಲ್ಲ.

"ಯಾರ ದಾರಿ ನೋಡಾಕತ್ತೀದಿ?" ಎಂದು ಅತ್ತೆ ಕೇಳಿದರು.

ಅತ್ತೆ ಮಗುವನ್ನು ಮಡಿಲಿಗೆ ತೆಗೆದುಕೊಂಡು ತಾವೂ ಬಾಗಿಲ ಕಡೆಗೆ ತಿರುಗಿ ಕುಳಿತರು.

"ನಾನೂ ಆಕೀ ದಾರೀನ ನೋಡಾಕತ್ತೀನಿ," ಎಂದರು.