ಗೊತ್ತಿಲ್ಲದ್ದನ್ನೇ ಕೇಳುತ್ತಿದ್ದ ಪುಟ್ಟತಾಯಮ್ಮ ಮೇಡಂ

ಬಸ್ಸಿನಲ್ಲಿ ಪುಟ್ಟತಾಯಮ್ಮ ಮೇಡಂ ಪಕ್ಕ ಕೂತವರು ಗುಟ್ಟು ಉಳಿಸಿಕೊಂಡು ಇಳಿದದ್ದನ್ನು ನಾನು ಕಾಣೆ. ತುಮಕೂರಿನಿಂದ ಗುಬ್ಬಿ ಎಷ್ಟು ಮಹಾ ದೂರ? ಅಷ್ಟರೊಳಗೆ ಪಕ್ಕದವರ ಊರು ಯಾವುದು, ಚೀಲದಲ್ಲಿರುವ ಸೀರೆ ಯಾರಿಗೆ, ಮಗಳು ನೋಡಿದ ಗಂಡನ್ನೆಲ್ಲ ಯಾಕೆ ಬೇಡವೆನ್ನುತ್ತಿದ್ದಾಳೆ, ಎಲ್ಲ ಹೊರಬಿದ್ದಿರುತ್ತಿತ್ತು. ನಮ್ಮ ಕಡೆ ಬಸ್ಸಿನಲ್ಲಿ ಹೀಗೆ ಕೇಳದವರು ಯಾರಿದ್ದಾರೆ? ಆದರೆ ಉಳಿದವರು ಕೇಳುವುದು ಊರಿಗೆಲ್ಲ ಹಂಚುವುದಕ್ಕೆ. ಇವರಿಗೆ ತಿಳಿದುಕೊಳ್ಳುವುದೇ ಸುಖ. ದಪ್ಪ ಕನ್ನಡಕದ ಹಿಂದೆ ಕಣ್ಣರಳಿಸಿ, "ಹೌದಾ? ಆಮೇಲೆ?" ಎನ್ನುತ್ತಿದ್ದರು. ಎಂಥ ಬಿಗುಮಾನದವರೂ ಅದಕ್ಕೆ ಕರಗುತ್ತಿದ್ದರು.

ಹೊಸದಾಗಿ ಇಂಗ್ಲಿಷ್ ಪಾಠ ಮಾಡುವ ನಮ್ಮಂಥವರಿಗೆ ಗುಬ್ಬಿಯಲ್ಲಿ ತರಬೇತಿ ಕೊಡುತ್ತಿದ್ದವರು ಅವರು. ನಾನು ಓದಿದ್ದು ವಿಜ್ಞಾನ. ಹಾಗಲವಾಡಿ ಕಡೆಯ ಶಾಲೆಗೆ ಸೇರಿದ ವಾರವೇ ಹೆಡ್‌ಮೇಷ್ಟ್ರು ಇಂಗ್ಲಿಷನ್ನು ನನ್ನ ತಲೆಗೆ ಕಟ್ಟಿದ್ದರು. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ನಾನು ಪಾಠವನ್ನೆಲ್ಲ ಬೋರ್ಡಿನ ಮೇಲೆ ಬರೆದು ಮಕ್ಕಳಿಂದ ನಕಲು ಮಾಡಿಸುತ್ತಿದ್ದೆ. ಬೇರೆ ಯಾರಿಗಾದರೂ ಕೊಡಿ ಎಂದು ಗೋಗರೆದಾಗ ಹೆಡ್‌ಮೇಷ್ಟ್ರು, "ಮೊದ್ಲು ತರಬೇತಿ ಮುಗಿಸ್ಕೊಂಡ್ ಬನ್ನಿ. ಆಮೇಲೆ ಮೇಡಂ ಬಂದು ನಿಮ್ ಕ್ಲಾಸ್ ನೋಡ್ತಾರಲ್ಲ, ಅವ್ರು ಆಗಲ್ಲ ಅಂದ್ರೆ ನೋಡಾಣ" ಎಂದರು. ಅವರು ಆಗಲ್ಲ ಅನ್ನಲಿ ಎಂದೇ ನಾನು ದೇವರಿಗೆ ಹರಕೆ ಹೊತ್ತೆ.

ತರಬೇತಿಯಲ್ಲಿ ಒಬ್ಬೊಬ್ಬರೂ ಮಾದರಿ ಪಾಠ ಮಾಡಬೇಕಿತ್ತು. ಕುಣಿಗಲ್ ಕಡೆಯ ಹುಡುಗ ಮೇಷ್ಟ್ರೊಬ್ಬ ಎದ್ದು, ಜೇಬಿನ ಪೆನ್ನು ಮೇಲೆತ್ತಿ, "ವಾಟ್ ಈಸ್ ದಿಸ್?" ಎಂದ.

"ಯಾಕಪ್ಪ, ಅದು ಪೆನ್ನು ಅಂತ ನಿಂಗೆ ಗೊತ್ತಿಲ್ವಾ?" ಎಂದರು ಮೇಡಂ.

"ಗೊತ್ತು ಮೇಡಂ."

"ಮಕ್ಳಿಗೆ?"

"ಅವ್ರಿಗೂ ಗೊತ್ತು."

"ಇಬ್ರಿಗೂ ಗೊತ್ತಿದ್ಮೇಲೆ ಕೇಳೋದ್ಯಾಕೆ? ಬಸ್ಸಲ್ಲಿ ಯಾರಾದ್ರೂ ಚೀಲ ತೋರ್ಸಿ ಇದೇನು ಅಂತ ಕೇಳ್ತಾರಾ? ಒಳಗೇನಿದೆ ಅಂತ ಕೇಳ್ತಾರೆ ಕಣಪ್ಪ! ನಿಂಗೆ ಗೊತ್ತಿಲ್ಲದ್ದನ್ನ ಕೇಳು. ಆಗ ಮಗು ಹೇಳುತ್ತೆ."

ನಾವೆಲ್ಲ ಬಿದ್ದುಬಿದ್ದು ನಕ್ಕೆವು. ನಮ್ಮೆಲ್ಲರ ಮಾದರಿ ಪಾಠವೂ ಪೆನ್ನು, ಪುಸ್ತಕ, ಕುರ್ಚಿಯೇ ಎಂದು ಆಮೇಲೆ ಹೊಳೆಯಿತು. ಕೊನೆಗೆ ಬಣ್ಣದ ಕಾರ್ಡು, ಚಾರ್ಟು, ಕೈಪಿಡಿ ತುಂಬಿದ ಒಂದೊಂದು ಪೆಟ್ಟಿಗೆ ಕೊಟ್ಟು ಕಳಿಸುವಾಗ ಮೇಡಂ, "ಹರಿದೋಗುತ್ತೆ ಅಂತ ನಿಮ್ ಹೆಡ್‌ಮೇಷ್ಟ್ರು ಇದನ್ನ ಬೀರುಲಿಟ್ಟು ಬೀಗ ಹಾಕ್ತಾರೆ. ಬೇಜಾರ್ ಮಾಡ್ಕೋಬೇಡಿ, ಮಕ್ಳನ್ನ ಯಾರೂ ಬೀರುಲಿಡಲ್ಲ" ಎಂದರು. ನಮ್ಮ ಹೆಡ್‌ಮೇಷ್ಟ್ರು ಅವರ ಮಾತನ್ನು ಸುಳ್ಳು ಮಾಡಲಿಲ್ಲ.

ಮೇಡಂ ನನ್ನ ಶಾಲೆಗೆ ಬಂದ ದಿನ ಆರನೇ ತರಗತಿಯ ಮಕ್ಕಳ ನಡುವೆ ಚಾಪೆಯ ಮೇಲೆಯೇ ಕೂತರು. ನಾನು ಬಾಯಿಪಾಠ ಮಾಡಿಕೊಂಡಿದ್ದ ಪ್ರಶ್ನೆಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ. ಅಷ್ಟರಲ್ಲಿ ಮುಂದೆ ಕೂತಿದ್ದ ರೋಜಾಳ ಮೊಣಕೈ ತರಚಿರುವುದು ಕಂಡಿತು. ಪಾಠ ಮರೆತು, "ವಾಟ್ ಹ್ಯಾಪನ್ಡ್?" ಎಂದುಬಿಟ್ಟೆ.

"ಮಂಕಿ, ಮಿಸ್."

"ಮಂಕಿ?"

"ಮಂಕಿ ಟೇಕ್ ಬನ್. ಐ ರನ್. ಐ ಫಾಲ್."

ಹಿಂದಿನಿಂದ ಯಾರೋ, "ಯುವರ್ ಬನ್?" ಎಂದರು.

"ನೋ. ತಮ್ಮ ಬನ್."

"ತಮ್ಮ ಕ್ರೈ?"

"ತಮ್ಮ ಲಾಫ್!"

ತರಗತಿ ಗೊಳ್ಳೆಂದಿತು. ನಾನು ಹೇಳಿಕೊಡದೆ, ಹೆದರಿಸದೆ, ಮಕ್ಕಳು ಇಂಗ್ಲಿಷಿನಲ್ಲಿ ಒಬ್ಬರನ್ನೊಬ್ಬರು ಕೇಳುತ್ತಿದ್ದರು. ಮೇಡಂಗಂತೂ ತಡೆಯಲಾಗಲಿಲ್ಲ. ಮೊಣಕಾಲೂರಿ ಮುಂದೆ ಬಾಗಿ, "ದೆನ್?" ಎಂದರು. ಕೋತಿಯ ಕಥೆ ಮುಗಿಯುವ ಮೊದಲೇ ಗಂಟೆ ಹೊಡೆಯಿತು. ಯಾರೂ ಏಳಲಿಲ್ಲ.

ಹೊರಗೆ ಬಂದಾಗ ಹೆಡ್‌ಮೇಷ್ಟ್ರು, "ಹೆಂಗೆ ಮೇಡಂ, ಇವ್ರ ಕೈಲಿ ಆಗುತ್ತಾ?" ಎಂದರು.

"ನನ್ನೇನ್ ಕೇಳ್ತೀರಿ ಸಾರ್? ಅವ್ರನ್ನೇ ಕೇಳಿ."

ಹೆಡ್‌ಮೇಷ್ಟ್ರು ನನ್ನ ಕಡೆ ತಿರುಗಿದರು. ತಪ್ಪಿಸಿಕೊಳ್ಳಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. "ಮಾಡ್ತೀನಿ ಸಾರ್" ಎಂದೆ. ಹರಕೆಯ ವಿಷಯ ದೇವರೂ ಮರೆತಿರಬೇಕು.

ಮೇಡಂ ನಿವೃತ್ತರಾದಾಗ ಗುಬ್ಬಿಯಲ್ಲಿ ಸಭೆ ಮಾಡಿದೆವು. ಹಾರ, ಶಾಲು, ಹಣ್ಣಿನ ಬುಟ್ಟಿ. ಒಬ್ಬೊಬ್ಬರೂ ಎದ್ದು ಅವರನ್ನು ದಾರಿದೀಪ ಎಂದರು. ಮೇಡಂ ನೆಲ ನೋಡುತ್ತಾ ಕೂತಿದ್ದರು. ನಾನು ಮಾತಾಡಲು ಎದ್ದು ನಿಂತಾಗ ಅನಿಸಿತು: ನನ್ನ ಅಮ್ಮನ ಮಂಡಿನೋವಿನವರೆಗೆ ಎಲ್ಲವನ್ನೂ ಬಲ್ಲ ಇವರ ಬಗ್ಗೆ ನನಗೆ ಏನು ಗೊತ್ತು? ಬರೆದುಕೊಂಡು ಬಂದಿದ್ದ ಭಾಷಣ ಬಿಟ್ಟು, "ಮೇಡಂ, ಹೂ ಟಾಟ್ ಯೂ ಇಂಗ್ಲಿಷ್?" ಎಂದೆ.

ಅವರು ತಲೆಯೆತ್ತಿದರು. ಶಾಲು ಸರಿಮಾಡಿಕೊಂಡರು.

"ಯಾರೂ ಇಲ್ಲ ಕಣಮ್ಮ. ನಮ್ಮೂರ್ ಸ್ಕೂಲಲ್ಲಿ ಹಾಜರಿ ಕರೆದಾಗ 'ಪ್ರೆಸೆಂಟ್ ಸಾರ್' ಅಂತಿದ್ದೆ. ಅಷ್ಟೇ ನನ್ ಇಂಗ್ಲಿಷು. ಆಮೇಲೆ ಬೇಕಾದ್ದು ನಾನೇ ಕಲ್ತೆ. ಯಾವ ಮೇಷ್ಟ್ರೂ ನನ್ನ ಏನೂ ಕೇಳ್ಲಿಲ್ಲ. ಇವತ್ ಕೇಳ್ತಾರೆ, ಇವತ್ ಕೇಳ್ತಾರೆ ಅಂತ ದಿನಾ ತಲೆ ಬಾಚ್ಕೊಂಡು ಹೋಗ್ತಿದ್ದೆ."

ಮೇಡಂ ಇನ್ನೂ ಏನೋ ಹೇಳುವವರಿದ್ದರು, ಅವರ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಆದರೆ ನಿರೂಪಣೆ ಮಾಡುತ್ತಿದ್ದವರು ಮೈಕು ಹಿಡಿದು, ಹೊತ್ತಾಯಿತೆಂದು ವಂದನಾರ್ಪಣೆ ಶುರುಮಾಡಿಬಿಟ್ಟರು.

ಮೇಡಂ ಕುಣಿಗಲ್ಲಿಗೆ ಹೋಗಿ ನೆಲೆಸಿದರು. ಹೋಗಿ ನೋಡಬೇಕು, ಇನ್ನಷ್ಟು ಕೇಳಬೇಕು ಎಂದುಕೊಳ್ಳುತ್ತಲೇ ಇದ್ದೆ. ಈ ವರ್ಷ ಅವರು ತೀರಿಕೊಂಡ ಸುದ್ದಿ ಬಂತು. ಅವರ ಕೈಯಲ್ಲಿ ಕಲಿತ ನಾಲ್ಕಾರು ಜನ ಹೂವಿನ ಹಾರ ಹಿಡಿದು ಹೋದೆವು. ಮನೆಯ ಮುಂದೆ ಅಳುತ್ತಾ ನಿಂತವರಲ್ಲಿ ಅವರಿಗೆ ಯಾರು ಏನಾಗಬೇಕೋ, ಯಾರ ಕೈ ಹಿಡಿದು ಸಮಾಧಾನ ಹೇಳಬೇಕೋ ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.