ಗಾಳಿ ಬೀಸದ ಫ್ಯಾನು

ಫ್ಯಾನು ಜೋರಾಗಿಯೇ ತಿರುಗುತ್ತಿತ್ತು. ಗಾಳಿ ಮಾತ್ರ ಮೈಗೆ ಒಂದು ಚೂರೂ ತಾಗುತ್ತಿರಲಿಲ್ಲ. ಏಪ್ರಿಲ್ ಬಿಸಿಲಲ್ಲಿ ದೊಡ್ಡಬಳ್ಳಾಪುರದ ತಂಗಿಯ ಮನೆಗೆ ಹೋಗಿ, ಅದರ ಕೆಳಗೆ ಬೆವರು ಒರೆಸಿಕೊಳ್ಳುತ್ತಾ ಕೂತಿದ್ದೆ ನಾನು.

ಇದಕ್ಕೆಲ್ಲ ಕಾರಣ ತಂಗಿಯ ಮಗಳು ಚೈತ್ರಾ. ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಓದುತ್ತಾಳೆ. ಪ್ರಾಕ್ಟಿಕಲ್‌ನಲ್ಲಿ ಸದಾ ಮುಂದು, ಥಿಯರಿಯಲ್ಲಿ ಡುಮ್ಕಿ ಹೊಡೆದಿದ್ದಳು. ಮಾರನೆಯ ದಿನವೇ ಮರುಪರೀಕ್ಷೆ. ಪಾಸಾದರೆ ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಯೊಂದರಲ್ಲಿ ಅಪ್ರೆಂಟಿಸ್ ಆಗಿ ಸೇರಬಹುದು. ಇಲ್ಲದಿದ್ದರೆ ಆ ಜಾಗ ಬೇರೆಯವರ ಪಾಲು. ಮಗಳನ್ನು ಕೂರಿಸಿಕೊಂಡು ಓದಿಸು ಎಂದು ತಂಗಿ ನನ್ನನ್ನು ಕರೆಸಿದ್ದಳು.

ಕೂರಿಸಿದೆ. ಎರಡನೇ ಪುಟಕ್ಕೇ ಆಕಳಿಕೆ. (ಮೊದಲ ಆಕಳಿಕೆ ನನ್ನದೇ. ಆಮೇಲೆ ಅವಳಿಗೂ ಅಂಟಿತು.) ಫ್ಯಾನಿಗೆ ಕೆಪಾಸಿಟರ್ ಯಾಕೆ ಬೇಕು ಎಂಬುದನ್ನು ಓದಿದ್ದೇ ಓದಿದ್ದು, ತಲೆಗೆ ಹತ್ತಲಿಲ್ಲ.

ನಾನು ಒಳಗೆ ಕಾಫಿ ಕುಡಿದು, ತಂಗಿಯ ಜೊತೆ ಹರಟಿ ಬರುವಷ್ಟರಲ್ಲಿ ಚೈತ್ರಾಳ ಕ್ಲಾಸ್‌ಮೇಟ್ ಗೀತಾ ಬಂದಿದ್ದಳು. ಹಾಲ್‌ನ ಫ್ಯಾನು ನೆಲಕ್ಕಿಳಿದಿತ್ತು! ಒಬ್ಬಳು ಬಿಚ್ಚುವುದು, ಇನ್ನೊಬ್ಬಳು ಪುಸ್ತಕ ಹಿಡಿದು ಪ್ರಶ್ನೆ ಕೇಳುವುದು. ನಾಳೆ ಪರೀಕ್ಷೆ ಇಟ್ಟುಕೊಂಡು ಇವತ್ತು ಇದೆಂಥ ಆಟ? ನನಗೆ ಮೈಯೆಲ್ಲ ಉರಿದುಹೋಯಿತು. ಚೆನ್ನಾಗಿಯೇ ಬೈದು, ಅದನ್ನು ಬಿಟ್ಟು ಓದಿಕೊಳ್ಳಿ ಎಂದೆ. ಇಬ್ಬರೂ ತಲೆ ತಗ್ಗಿಸಿ ಕೇಳಿಸಿಕೊಂಡರು. ಕೈ ಮಾತ್ರ ನಿಲ್ಲಿಸಲಿಲ್ಲ.

ಕೊನೆಗೆ ಫ್ಯಾನು ಮೇಲೇರಿತು, ತಿರುಗಿತು, ಗಾಳಿ ಬರಲಿಲ್ಲ. ತಂತಿ ಅದಲುಬದಲಾಗಿ ಉಲ್ಟಾ ತಿರುಗುತ್ತಿದೆಯಂತೆ. ನಾನಾಗಿದ್ದರೆ ನಾಚಿಕೆಯಿಂದ ಕುಗ್ಗಿಹೋಗುತ್ತಿದ್ದೆ. ಇವರು? ಕೈ ತಟ್ಟಿ ಕುಣಿದರು!

“ಕೆಪಾಸಿಟರ್ ತಂತೀನ ಯಾವ ಕಡೆ ಕೊಡ್ತೀವೋ ಅದ್ರ ಮೇಲೆ ಫ್ಯಾನ್ ತಿರುಗೋದು ಕಣೇ,” ಎಂದು ಚೈತ್ರಾ ಗೀತಾಳ ಬೆನ್ನಿಗೆ ಗುದ್ದಿದಳು. ಆಮೇಲೆ ನನ್ನ ಕಡೆ ನೋಡಿ, “ದೊಡ್ಡಮ್ಮ, ಮೊದಲ್ನೇ ಸಲಾನೇ ಸರಿಯಾಗ್ಬಿಟ್ಟಿದ್ರೆ ಇದು ನಮ್ಗೆ ಗೊತ್ತೇ ಆಗ್ತಿರ್ಲಿಲ್ಲ,” ಎಂದಳು.

ತಂತಿ ಸರಿಮಾಡಿದರು, ಗಾಳಿ ಬಂತು. ಅಲ್ಲಿಗೆ ಮುಗಿಯಿತೇ? ಖಾತ್ರಿ ಮಾಡಿಕೊಳ್ಳಲು ಮತ್ತೆ ಉಲ್ಟಾ ಮಾಡಿ ನೋಡಿದರು! ಓದಿ ಆಮೇಲೆ ಮಾಡು ಅಂತ ಕಲಿತವರು ನಾವು. ಈ ಮಕ್ಕಳು ಮಾಡಿ, ಕೆಡಿಸಿ, ಆಮೇಲೆ ಪುಸ್ತಕ ತೆರೆಯುತ್ತಾರೆ. ಆಗ ಅದೇ ಪುಟ ಗಟಗಟ ಇಳಿಯುತ್ತದೆ.

ಮೊನ್ನೆ ರಿಸಲ್ಟ್ ಬಂತು. ಚೈತ್ರಾ ಪಾಸ್. ಸೋಮವಾರದಿಂದ ಫ್ಯಾಕ್ಟರಿಗೆ. ತಂಗಿ ಫೋನ್ ಮಾಡಿ, ಎಲ್ಲ ನೀನು ಓದಿಸಿದ್ದಕ್ಕೇ ಅಕ್ಕ ಎಂದು ಅತ್ತಳು. ನನಗೂ ಸಂತೋಷವಾಯಿತು.

ಆದರೂ ಒಂದು ಭಯ ಕಾಡುತ್ತಿದೆ: ಅವತ್ತು ಆ ಹುಡುಗಿ ನನ್ನ ಮಾತು ಕೇಳಿಬಿಟ್ಟಿದ್ದರೆ?